ಕೊಂಡದ್ದು ಯಾರದು?

ತಿ. ನರಸೀಪುರದಿಂದ ತಮ್ಮನ ಮಗ ನಂಜನಗೂಡಿನ ನಮ್ಮ ಮನೆಗೆ ಬಂದಿದ್ದ. 2014ರಲ್ಲಿ ಬಂದ ‘ದಿ ಕ್ರ್ಯೂ’ ಎಂಬ ಕಾರೋಟದ ವಿಡಿಯೋ ಗೇಮಿನ ಕಥೆ ಹೇಳಿದ. ಕಂಪನಿಯ ಸರ್ವರ್ ಇಲ್ಲದೆ ಅದು ನಡೆಯುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರನ್ನೇ ನಿಲ್ಲಿಸಿದರು. ದುಡ್ಡು ಕೊಟ್ಟವರ ಬಳಿ ಡಿಸ್ಕ್ ಉಳಿಯಿತು, ಆಟ ಹೋಯಿತು.

“ಅತ್ತೆ, ಹಾಗಾದರೆ ಅವರು ಕೊಂಡದ್ದೇನು?”

1980ರ ದಶಕದಲ್ಲಿ ಕಳ್ಳಪ್ರತಿ ತಡೆಯಲು ಕೆಲವು ಆಟಗಳು ಕೈಪಿಡಿಯ ಇಂಥ ಪುಟದ ಪದ ಹೇಳು ಎನ್ನುತ್ತಿದ್ದವಂತೆ. ಆಗ ಬೀಗದ ಕೈಯಾದರೂ ಕೊಂಡವರ ಹತ್ತಿರವಿತ್ತು.

ನನಗೆ ಅತ್ತಿಮಬ್ಬೆ ನೆನಪಾದಳು. 10ನೆಯ ಶತಮಾನದ ಆ ತಾಯಿ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಒಂದು ಓಲೆಗರಿಗೆ ಹುಳು ಹಿಡಿದರೂ ಇನ್ನೊಂದು ಮನೆಯಲ್ಲಿ ಕಾವ್ಯ ಉಳಿಯುತ್ತಿತ್ತು.

ದುಡಿದವರಿಗೆ ಕೂಲಿ ಸಲ್ಲಬೇಕು, ನಿಜ. ಆದರೆ ಅಮ್ಮನ ಒರಳುಕಲ್ಲು ನನಗೆ ಬಂದಂತೆ ಮಗಳಿಗೆ ದಾಟಿಸಲಾಗದ್ದನ್ನು ನನ್ನದೆಂದು ಹೇಗೆ ಹೇಳಲಿ?