ಸ್ಥಿರಜೋಡಣೆಯ ಸ್ವಾತಂತ್ರ್ಯ: ಗ್ನೂ ಸಿ ಲೈಬ್ರರಿಯ ಇತಿಹಾಸದಲ್ಲೊಂದು ಪ್ರಕರಣ

ಪ್ರೋಗ್ರಾಮಿಗೆ ಬೇಕಾದ ಲೈಬ್ರರಿಯ ಭಾಗಗಳನ್ನೆಲ್ಲ ಕಟ್ಟುವಾಗಲೇ ಅದರೊಳಗೆ ಸೇರಿಸಿಬಿಟ್ಟರೆ, ಲೈಬ್ರರಿಯ ಆವೃತ್ತಿ ಮುಂದೆ ಎಷ್ಟು ಬದಲಾದರೂ ಅದು ಸ್ವತಂತ್ರವಾಗಿ ನಡೆಯುವುದೆಂಬ ನಂಬಿಕೆ ಬಹುಕಾಲದ್ದು. ಅದು ಎಷ್ಟರಮಟ್ಟಿಗೆ ನಿಜವೆಂಬುದನ್ನು ಲಿನಕ್ಸ್ ವ್ಯವಸ್ಥೆಯ ಇತಿಹಾಸದಿಂದ ಇಲ್ಲಿ ಪರಿಶೀಲಿಸಲಾಗಿದೆ.

ಸೇರಿಸುವ ಪದ್ಧತಿ ಹೊಸತಲ್ಲ. 1949ರಲ್ಲಿ ಕೇಂಬ್ರಿಜ್‌ನಲ್ಲಿ ಕಾರ್ಯಾರಂಭ ಮಾಡಿದ ಎಡ್ಸ್ಯಾಕ್ ಗಣಕಕ್ಕೆ ಸಾಮಾನ್ಯ ಲೆಕ್ಕಗಳ ವಿಧಿಗಳನ್ನು ಕಾಗದದ ಪಟ್ಟಿಗಳ ಮೇಲೆ ರಂಧ್ರಗಳ ರೂಪದಲ್ಲಿ ಸಂಗ್ರಹಿಸಿಡುತ್ತಿದ್ದರು. ಬೇಕಾದುದನ್ನು ತಮ್ಮ ಪಟ್ಟಿಗೆ ಪ್ರತಿ ಮಾಡಿಕೊಳ್ಳುತ್ತಿದ್ದರು. ಪ್ರತಿಯಾದ ಮೇಲೆ ಮೂಲದ ಹಂಗಿರಲಿಲ್ಲ. ಅನಂತರ ಒಂದೇ ಪ್ರತಿಯನ್ನು ಅನೇಕ ಪ್ರೋಗ್ರಾಮುಗಳು ನಡೆಯುವ ವೇಳೆಯಲ್ಲಿ ಹಂಚಿಕೊಳ್ಳುವ ಏರ್ಪಾಡು ಬಂದಿತು. ಸ್ಥಳ ಉಳಿಯಿತು, ಪರಾಧೀನತೆಯೂ ಬೆಳೆಯಿತು.

ಗ್ನೂ ಸಿ ಲೈಬ್ರರಿಯ 2.0ನೆಯ ಆವೃತ್ತಿ 1997ರಲ್ಲಿಯೂ 2.1ನೆಯದು 1999ರಲ್ಲಿಯೂ ಹೊರಬಂದವು. ಎರಡನೆಯದರಲ್ಲಿ ಲೈಬ್ರರಿಯ ಪ್ರತಿಯೊಂದು ಹೆಸರಿಗೂ ಆವೃತ್ತಿಯ ಗುರುತನ್ನು ಅಂಟಿಸಿದುದರಿಂದ, ಹಳೆಯ ಪ್ರೋಗ್ರಾಮು ಹೊಸ ಲೈಬ್ರರಿಯಲ್ಲಿಯೂ ತನಗೆ ಪರಿಚಿತವಾದ ಹಳೆಯ ವಿಧಿಯನ್ನೇ ಪಡೆಯುವಂತಾಯಿತು. ಆದರೆ ಈ ರಕ್ಷಣೆ ಹಂಚಿಕೆಯ ಲೈಬ್ರರಿಗೆ ಮಾತ್ರ. ಸ್ಥಿರಜೋಡಣೆಯ ಪಾಲಿಗೆ ಅದು ದೊರೆಯಲಿಲ್ಲ.

ಪ್ರಕರಣದ ತಿರುಳಿರುವುದು ಬೇರೆಡೆ. ಬಳಕೆದಾರನ ಹೆಸರನ್ನಾಗಲಿ ಮತ್ತೊಂದು ಗಣಕದ ವಿಳಾಸವನ್ನಾಗಲಿ ಎಲ್ಲಿ ಹುಡುಕಬೇಕೆಂಬುದು ಆಯಾ ಸಂಸ್ಥೆಯ ನಿರ್ಧಾರ: ಒಂದೆಡೆ ಸ್ಥಳೀಯ ಕಡತ, ಇನ್ನೊಂದೆಡೆ ಜಾಲದ ಮೇಲಿನ ದಾಖಲೆ. ಪ್ರೋಗ್ರಾಮು ಕಟ್ಟುವವನಿಗೆ ಇದು ಮುಂಚಿತವಾಗಿ ತಿಳಿಯದು. ಆದುದರಿಂದ ಸನ್ ಸಂಸ್ಥೆಯ ಸೋಲಾರಿಸ್ ಪದ್ಧತಿಯನ್ನು ಅನುಸರಿಸಿ ಗ್ನೂ ಲೈಬ್ರರಿಯೂ ‘ನೇಮ್ ಸರ್ವಿಸ್ ಸ್ವಿಚ್’ ಎಂಬ ಏರ್ಪಾಡನ್ನು ಸ್ವೀಕರಿಸಿತು. ಇದರಲ್ಲಿ ಹುಡುಕುವ ಭಾಗಗಳನ್ನು ನಡೆಯುವ ವೇಳೆಯಲ್ಲಿಯೇ ತರಲಾಗುತ್ತದೆ. ಸ್ಥಿರವಾಗಿ ಜೋಡಿಸಿದ ಪ್ರೋಗ್ರಾಮೂ ಹೆಸರನ್ನು ಕೇಳಿದೊಡನೆ ಹೊರಗಿನ ಭಾಗಗಳಿಗೆ ಕೈಚಾಚಲೇಬೇಕು. ಅವು ತಾನು ಕಟ್ಟಲ್ಪಟ್ಟ ಆವೃತ್ತಿಯವೇ ಆಗಿರಬೇಕು. ಇಲ್ಲವಾದರೆ ಹುಡುಕಾಟ ವಿಫಲವಾಗಬಹುದು, ಪ್ರೋಗ್ರಾಮೇ ಕುಸಿಯಲೂಬಹುದು. ಜೋಡಿಸುವಾಗ ಎಚ್ಚರಿಕೆಯ ಸಾಲೊಂದು ಕಾಣಿಸಿಕೊಳ್ಳುತ್ತದೆ, ದಿಟ; ಅದನ್ನು ಓದುವ ತಾಳ್ಮೆ ಎಷ್ಟು ಮಂದಿಗಿದೆ? ಸ್ವತಂತ್ರವೆನಿಸಿಕೊಂಡದ್ದು ಮುಗ್ಗರಿಸಿದಲ್ಲಿ, ಅದೇ ದಿನ ಹಂಚಿಕೆಯ ಲೈಬ್ರರಿಯೊಡನೆ ಕಟ್ಟಿದ ‘ಪರತಂತ್ರ’ ಪ್ರೋಗ್ರಾಮು ಸಾಮಾನ್ಯವಾಗಿ ಸುಗಮವಾಗಿ ನಡೆಯುತ್ತದೆ.

ಇದನ್ನು ರಚನಕಾರರ ಅಜಾಗರೂಕತೆಯೆಂದು ಹಳಿಯುವುದು ಸರಿಯೆಂದು ತೋರುವುದಿಲ್ಲ. 2011ರಲ್ಲಿ ಪ್ರಕಟವಾದ ಮಸಲ್ ಎಂಬ ಲೈಬ್ರರಿ ಹೊರಗಿನ ಭಾಗಗಳನ್ನು ತರುವ ಈ ಕ್ರಮವನ್ನೇ ಕೈಬಿಟ್ಟು ಸ್ಥಿರಜೋಡಣೆಯನ್ನು ನಿರ್ವಿಘ್ನಗೊಳಿಸಿತು. ಅದರೊಡನೆ ಸಂಸ್ಥೆಗಳಿಗಿದ್ದ ಆಯ್ಕೆಯೂ ಸಂಕುಚಿತವಾಯಿತು. ಗ್ನೂ ಲೈಬ್ರರಿಯಾದರೋ 2021ರ 2.34ನೆಯ ಆವೃತ್ತಿಯಲ್ಲಿ ಸ್ಥಳೀಯ ಕಡತಗಳನ್ನು ಹುಡುಕುವ ಭಾಗವನ್ನು ತನ್ನೊಳಗೇ ಸೇರಿಸಿಕೊಂಡಿತು. ಎಲ್‌ಡ್ಯಾಪ್ ಮೊದಲಾದ ಜಾಲದಾಖಲೆಗಳ ಭಾಗಗಳು ಇನ್ನೂ ಹೊರಗೇ ಉಳಿದಿವೆ.