ಹೆಸರಲ್ಲೇ ಕಡಲಿದ್ದ ಊರಿನಿಂದ ಬೋಟು ಹತ್ತಲು ಹೊರಟವರು

ಬೆಂಗಳೂರಿನ ಮೆಜೆಸ್ಟಿಕ್‌ನಲ್ಲಿ ಬಸ್ ಇಳಿಯದವರು ನಮ್ಮ ಹಳ್ಳಿಗಳಲ್ಲಿ ಕಡಿಮೆ. ಆ ನಿಲ್ದಾಣ ಇರುವ ಜಾಗ ಹಿಂದೆ ಕೆರೆಯಂಗಳವಾಗಿತ್ತು. ಆ ಕೆರೆಯ ಹೆಸರು ಧರ್ಮಾಂಬುಧಿ. ಅಲ್ಲಿಂದ ಚಾಮರಾಜಪೇಟೆ ದಾಟಿ ಗವಿಪುರದ ಕಡೆ ನಡೆದರೆ ಕೆಂಪಾಂಬುಧಿ ಸಿಗುತ್ತದೆ. ಅದು ಇನ್ನೂ ಉಳಿದಿದೆ. ಅಂಬುಧಿ ಅಂದರೆ ಸಮುದ್ರ. ಕಡಲಿಗೆ ಮುನ್ನೂರು ಕಿಲೋಮೀಟರಿಗೂ ಹೆಚ್ಚು ದೂರ ಇರುವ ಊರು ತನ್ನ ಕೆರೆಗಳನ್ನೇ ಸಮುದ್ರ ಅಂತ ಕರೆದುಕೊಂಡಿತ್ತು. ಈಗ ಕರಾವಳಿಗೆ ಪ್ರವಾಸ ಹೋಗುವವರು ಬಸ್ಸು ಹತ್ತುವುದೂ ಆ ಬತ್ತಿದ ಸಮುದ್ರದಲ್ಲೇ. ಅವರಲ್ಲಿ ಬಹಳ ಜನ ಅಲೆಯ ಮೇಲೆ ತೇಲುವ ಬೋಟನ್ನು ಜೀವನದಲ್ಲಿ ಮೊದಲ ಸಲ ಹತ್ತುವವರು. ಕೆರೆಯಲ್ಲಿ ಈಜು ಕಲಿತ ನಾವೂ ಅದೇ ಸಾಲಿನವರು.

ಈ ಊರಿಗೂ ಒಂದು ಹಳೆಯ ಬೋಟು ದುರಂತಕ್ಕೂ ನಂಟಿದೆ. ಅದು ಅಷ್ಟಾಗಿ ಯಾರಿಗೂ ಗೊತ್ತಿಲ್ಲ.

ಮಲಯಾಳಂನ ದೊಡ್ಡ ಕವಿ ಕುಮಾರನ್ ಆಶಾನ್ 1895ರ ಸುಮಾರಿಗೆ ಬೆಂಗಳೂರಿಗೆ ಓದಲು ಬಂದರು. ಅವರನ್ನು ಕಳಿಸಿದವರು ನಾರಾಯಣ ಗುರು. ಮನೆಯಲ್ಲಿಟ್ಟುಕೊಂಡು ನೋಡಿಕೊಂಡವರು ಮೈಸೂರು ಸರ್ಕಾರದ ಆರೋಗ್ಯ ಇಲಾಖೆಯಲ್ಲಿದ್ದ ಡಾ. ಪಲ್ಪು. ಹಿಂದುಳಿದ ಜಾತಿಯವರೆಂಬ ಕಾರಣಕ್ಕೆ ತಮ್ಮ ತಿರುವಾಂಕೂರಿನಲ್ಲಿ ಕೆಲಸ ಸಿಗದೆ ಇಲ್ಲಿಗೆ ಬಂದಿದ್ದ ವೈದ್ಯರು ಅವರು. ಆಶಾನ್ ಓದಿದ್ದು ಇಂದು ಚಾಮರಾಜಪೇಟೆಯಲ್ಲಿರುವ ಚಾಮರಾಜೇಂದ್ರ ಸಂಸ್ಕೃತ ಕಾಲೇಜಿನಲ್ಲಿ, ಹಿಡಿದ ವಿಷಯ ನ್ಯಾಯಶಾಸ್ತ್ರ. 1898ರಲ್ಲಿ ಊರಿಗೆ ಪ್ಲೇಗ್ ಬಂತು. ಡಾ. ಪಲ್ಪು ರೋಗಿಗಳ ನಡುವೆ ದುಡಿದರು. ಇಕ್ಕಟ್ಟಿನ ಪೇಟೆ ಬಿಟ್ಟು ಜನ ಹೊರಗೆ ಬರಲೆಂದು ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಎದ್ದವು. ಆಶಾನ್ ಆ ಹೊತ್ತಿಗೆ ಊರು ಬಿಟ್ಟು, ಮುಂದೆ ಕಲ್ಕತ್ತಕ್ಕೆ ಹೋಗಿ ಓದು ಮುಂದುವರಿಸಿದರು.

ಪ್ಲೇಗಿನಿಂದ ಪಾರಾದವರನ್ನು ನೀರು ಬಿಡಲಿಲ್ಲ. 1924ರ ಜನವರಿಯಲ್ಲಿ ಆಲಪ್ಪುಳದಿಂದ ಕೊಲ್ಲಂಗೆ ಹೊರಟ 'ರಿಡೀಮರ್' ಅನ್ನುವ ಬೋಟು ಪಲ್ಲನ ಎಂಬಲ್ಲಿ ಮಗುಚಿತು. ರಿಡೀಮರ್ ಅಂದರೆ ಉದ್ಧಾರಕ! ಬೋಟಿನಲ್ಲಿ ಮಿತಿಗಿಂತ ಹೆಚ್ಚು ಜನ ಇದ್ದರು. ಆಶಾನ್ ಅವರಿಗೆ ಆಗ ಬರೀ 50 ವರ್ಷ. ಅಂದಹಾಗೆ, ಅದು ಸಮುದ್ರವೂ ಅಲ್ಲ, ದಡ ಕಾಣುವ ಒಳನಾಡಿನ ನೀರು.

ಮಿತಿ ಅಂದೆ. ಆ ಮಿತಿ ಆ ಕಾಲಕ್ಕೇ ಹೊಸದಲ್ಲ. ಬ್ರಿಟಿಷ್ ಆಡಳಿತದ ಪ್ರಾಂತ್ಯಗಳಿಗೆ 1917ರಲ್ಲೇ ಒಳನಾಡು ಹಡಗುಗಳ ಕಾಯ್ದೆ ಬಂದಿತ್ತು. ಬೋಟನ್ನು ಸರ್ವೆ ಮಾಡಿಸಬೇಕು, ಎಷ್ಟು ಜನ ಹತ್ತಬಹುದು ಎಂದು ಪತ್ರದಲ್ಲಿ ಬರೆಸಬೇಕು ಎಂಬುದು ಅದರ ತಿರುಳು. ಈಗ ಅದರ ಬದಲಿಗೆ 2021ರ ಕಾಯ್ದೆ ಇದೆ. ಅಂದರೆ ನೂರು ವರ್ಷಕ್ಕೂ ಹಿಂದಿನಿಂದ ಸರ್ಕಾರದ ಕಾಗದದಲ್ಲಿ ತಲೆಲೆಕ್ಕ ಇದೆ. ದಡದಲ್ಲಿ ನಿಂತು ಎಣಿಸುವವರು ಮಾತ್ರ ಇಲ್ಲ.

ಕೇರಳದ ತೇಕ್ಕಡಿಯಲ್ಲಿ 2009ರ ಸೆಪ್ಟೆಂಬರ್ 30ರಂದು 45 ಪ್ರವಾಸಿಗರು ಸತ್ತರು. ಕಾಡುಪ್ರಾಣಿ ಕಂಡಿತೆಂದು ಜನ ಒಂದೇ ಬದಿಗೆ ನುಗ್ಗಿದ್ದರು. ಅದು ಎರಡಂತಸ್ತಿನ ಬೋಟು. ಹುಲ್ಲನ್ನು ಎತ್ತರಕ್ಕೆ ಹೇರಿದ ಟ್ರ್ಯಾಕ್ಟರ್ ಟ್ರೇಲರು ತಿರುವಿನಲ್ಲಿ ಹೇಗೆ ಪಲ್ಟಿ ಹೊಡೆಯುತ್ತದೋ ಇದೂ ಹಾಗೆಯೇ. ಭಾರ ಮೇಲಿದ್ದು ಒಂದು ಬದಿಗೆ ಸರಿದರೆ ಬೋಟಿಗೆ ನೆಟ್ಟಗಾಗಲು ಆಗುವುದಿಲ್ಲ. 2023ರ ಮೇ 7ರಂದು ತಾನೂರಿನಲ್ಲಿ 22 ಜನ ಹೋದರು, ಹೆಚ್ಚಿನವರು ಮಕ್ಕಳು. ಮೀನುಗಾರಿಕೆ ದೋಣಿಯನ್ನು ಪ್ರವಾಸಿ ಬೋಟಾಗಿ ಮಾರ್ಪಡಿಸಿ, ಅನುಮತಿಗಿಂತ ಹೆಚ್ಚು ಜನರನ್ನು ತುಂಬಿ, ಕತ್ತಲಾಗುವ ಹೊತ್ತಿಗೆ ಹೊರಡಿಸಿದ್ದರು.

ನಮ್ಮ ಕಾರವಾರದ್ದು ನೆನಪಿರಬೇಕಲ್ಲ? 2019ರ ಜನವರಿ 21. ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ವಾಪಸಾಗುತ್ತಿದ್ದ ಬೋಟು ಮಗುಚಿ 16 ಜನ ಸತ್ತರು. ಸತ್ತವರಲ್ಲಿ ಹಾವೇರಿ ಕಡೆಯ ಒಂದೇ ಕುಟುಂಬದ ಹಲವರಿದ್ದರು. ಕಡಲಿನವರಲ್ಲ, ನಮ್ಮ ಹಾಗೆ ಹೊಲದ ಕಡೆಯವರು. ಜಾತ್ರೆಯ ದಿನ ಬೋಟಿನವನಿಗೆ ಇನ್ನೊಂದು ಟ್ರಿಪ್ಪಿನ ಆಸೆ, ನಮಗೆ ಮನೆ ಸೇರುವ ಅವಸರ. ಎಲ್ಲರೂ ಹತ್ತಿದರು ಅಂತ ನಾವೂ ಹತ್ತುತ್ತೇವೆ. ನನಗೆ ಕೇಳಿದರೆ ತಪ್ಪು ಮೊದಲು ಬೋಟಿನವನದು, ಆಮೇಲೆ ತಪಾಸಣೆ ಮಾಡದ ಅಧಿಕಾರಿಯದು. ಆದರೆ ಮುಳುಗುವವರು ನಾವು.

ಹಾಗಾಗಿ ಮಲ್ಪೆಯಲ್ಲೋ ಕಾರವಾರದಲ್ಲೋ ಮನೆಮಂದಿಯೆಲ್ಲ ಸೇರಿ ಒಂದು ದಿನಕ್ಕೆ ಬೋಟು ಗೊತ್ತು ಮಾಡುವಾಗ, ಬಾಡಿಗೆಯ ಚೌಕಾಸಿಗೆ ಮುಂಚೆ ಕೇಳಬೇಕಾದ ಮಾತು ಒಂದಿದೆ: "ಅಣ್ಣಾ, ಇದರಲ್ಲಿ ಎಷ್ಟು ಜನಕ್ಕೆ ಪರ್ಮಿಟ್ ಇದೆ? ಕಾಗದ ತೋರಿಸ್ತೀರಾ?" ತೋರಿಸದಿದ್ದರೆ ಬೇರೆ ಬೋಟು ನೋಡಿ. ಪಕ್ಕದಲ್ಲಿ ನೋಂದಣಿ ನಂಬರು ಬರೆದಿದೆಯೇ ಎಂದು ಕಣ್ಣು ಹಾಯಿಸಿ, ಮೊಬೈಲಿನಲ್ಲಿ ಫೋಟೋ ತೆಗೆದು ಊರಲ್ಲಿರುವವರಿಗೆ ಕಳಿಸಿ, ಎಷ್ಟು ಹೊತ್ತಿಗೆ ವಾಪಸು ಅನ್ನುವುದನ್ನೂ ಹೇಳಿಡಿ. ತಲೆ ಎಣಿಸುವಾಗ ಕಂಕುಳಲ್ಲಿರುವ ಕೂಸನ್ನೂ ಎಣಿಸಬೇಕು. ಲೈಫ್ ಜಾಕೆಟ್ಟು ಸೀಟಿನ ಕೆಳಗೆ ಇದ್ದರೆ ಇಲ್ಲದ ಹಾಗೆಯೇ ಲೆಕ್ಕ. ದಡದಲ್ಲೇ ತೊಟ್ಟು, ಬಕಲು ಹಾಕಿ ಹತ್ತಬೇಕು. ದೊಡ್ಡವರ ಜಾಕೆಟ್ಟು ಮಕ್ಕಳ ಮೈಯಿಂದ ನೀರಿನಲ್ಲಿ ಜಾರಿಹೋಗುತ್ತದೆ, ಅವರ ಅಳತೆಯದ್ದೇ ಕೇಳಿ. ಸೆಲ್ಫಿಗೆ ಅಂತ ಎಲ್ಲರೂ ಒಂದೇ ಬದಿಗೆ ಹೋಗಬೇಡಿ. ಸಂಜೆ ಬೆಳಕಿರುವಾಗಲೇ ದಡ ಸೇರುವಂತೆ ಮೊದಲೇ ಮಾತಾಡಿಕೊಳ್ಳಿ.

ಮಳೆಗಾಲದಲ್ಲಿ ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಪ್ರವಾಸಿ ಬೋಟುಗಳನ್ನು ನಿಲ್ಲಿಸುತ್ತಾರೆ. ಜೂನ್, ಜುಲೈನಲ್ಲಿ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ. ಆಗ ಯಾರಾದರೂ "ಬನ್ನಿ, ನಾನು ಕರ್ಕೊಂಡು ಹೋಗ್ತೀನಿ" ಅಂದರೆ ದಡದಲ್ಲೇ ಕೂತು ಮೀನೂಟ ಮಾಡಿ. ಕಡಲಲ್ಲಿ ತೊಂದರೆಯಾದರೆ ಕೋಸ್ಟ್ ಗಾರ್ಡ್ ನಂಬರು 1554. ಈಗಲೇ ಮೊಬೈಲಿಗೆ ಹಾಕಿಕೊಳ್ಳಿ, ನೀರಿನ ಮೇಲೆ ನೆಟ್‌ವರ್ಕ್ ಹೋದರೆ ಹುಡುಕಲು ಆಗುವುದಿಲ್ಲ.