ಇಂಡಾಫ್ ರಾಗಿ, ವಿಕಿಪೀಡಿಯ ಮತ್ತು ನನ್ನ ಒಂದು ತಪ್ಪು

ಮೊನ್ನೆ ರಾಗಿ ಕೊಯ್ಲು ಮುಗಿಸಿ ಜಗಲಿ ಮೇಲೆ ಕೂತು ಮೊಬೈಲ್ ಒತ್ತುತ್ತಿದ್ದೆ. ಮಗ ಕೇಳಿದ, "ಅಪ್ಪ, ವಿಕಿಪೀಡಿಯಕ್ಕೆ ಬರೆದ್ರೆ ಎಷ್ಟು ಕೊಡ್ತಾರೆ?" ಏನೂ ಕೊಡಲ್ಲ ಕಣೋ ಅಂದೆ. ನಂಬಲಿಲ್ಲ. ಅದಕ್ಕೇ ಇವತ್ತು ಇದನ್ನ ಬರೀತಿದ್ದೀನಿ.

ಇದು ಶುರುವಾಗಿದ್ದು ಅಮೆರಿಕದಲ್ಲಿ. ಜಿಮ್ಮಿ ವೇಲ್ಸ್, ಲ್ಯಾರಿ ಸ್ಯಾಂಗರ್ ಅನ್ನೋರು 2000ದಲ್ಲಿ ನ್ಯೂಪೀಡಿಯ ಅಂತ ಒಂದು ವಿಶ್ವಕೋಶ ಶುರು ಮಾಡಿದರು. ಪಂಡಿತರು ಬರೀಬೇಕು, ಪಂಡಿತರೇ ತಿದ್ದಬೇಕು, ಒಂದು ಲೇಖನ ಏಳು ಹಂತ ದಾಟಬೇಕು. ಹಾಗಾಗಿ ಕೆಲಸ ಮುಂದಕ್ಕೇ ಹೋಗಲಿಲ್ಲ. 2001ರ ಜನವರಿ 15ಕ್ಕೆ ಪಕ್ಕದಲ್ಲೇ ಇನ್ನೊಂದು ಬಾಗಿಲು ತೆಗೆದರು, ಇಲ್ಲಿ ಯಾರು ಬೇಕಾದರೂ ಬರೀಬಹುದು ಅಂತ. ಅದೇ ವಿಕಿಪೀಡಿಯ. 'ವಿಕಿ' ಅಂದರೆ ಹವಾಯಿ ಭಾಷೆಯಲ್ಲಿ ಬೇಗ ಅಂತ. 2003ರಲ್ಲಿ ನ್ಯೂಪೀಡಿಯ ಮುಚ್ಚಿತು. ಅದೇ ವರ್ಷ ಜೂನ್‌ನಲ್ಲಿ ಕನ್ನಡ ವಿಕಿಪೀಡಿಯ ಹುಟ್ಟಿತು.

ನಮಗೆ ವಿಶ್ವಕೋಶ ಹೊಸದೇನಲ್ಲ. ಶಿವರಾಮ ಕಾರಂತರು ಮಕ್ಕಳಿಗೆ ಅಂತ 'ಬಾಲ ಪ್ರಪಂಚ' ಬರೆದಿದ್ದರು. ಮೈಸೂರು ವಿಶ್ವವಿದ್ಯಾಲಯ 14 ಸಂಪುಟದ ಕನ್ನಡ ವಿಶ್ವಕೋಶ ತಂದಿತು. ಮೊದಲನೇದು 1969ರಲ್ಲಿ, ಕೊನೇದು 2004ರಲ್ಲಿ. ನಾನು ತೊಟ್ಟಿಲಲ್ಲಿದ್ದಾಗ ಶುರುವಾದದ್ದು ನನ್ನ ಮಗ ಸ್ಕೂಲಿಗೆ ಹೋಗುವಾಗ ಮುಗೀತು! 2014ರಲ್ಲಿ ವಿಶ್ವವಿದ್ಯಾಲಯ ಅದನ್ನ ಮುಕ್ತ ಪರವಾನಗಿಯಲ್ಲಿ ಕೊಟ್ಟಿತು, ವಿಕಿಯಲ್ಲಿ ಬಳಸೋಕೆ ದಾರಿಯಾಯ್ತು.

ಇನ್ನು ನನ್ನ ವಿಷಯ. ರಾಗಿ ಬಗ್ಗೆ ಬರೆಯುವಾಗ ಇಂಡಾಫ್ ವಿದೇಶದಿಂದ ಬಂದ ತಳಿ ಅಂತ ಸೇರಿಸಿದೆ. ನಮ್ಮಪ್ಪ ಸಾಯೋವರೆಗೂ ಅದನ್ನ "ಫಾರಿನ್ ರಾಗಿ" ಅಂತಲೇ ಕರೀತಿದ್ದರು. ಎರಡೇ ದಿನಕ್ಕೆ ಯಾರೋ ಆಧಾರ ಕೊಡಿ ಅಂತ ಕೇಳಿದರು. ಕೋಪ ಬಂತು. ಹುಟ್ಟಿದಾಗಿಂದ ಮುದ್ದೆ ಉಂಡವನಿಗೆ ಆಧಾರ ಕೇಳ್ತಾರಲ್ಲ ಅಂತ. ಹಟಕ್ಕೆ ಬಿದ್ದು ಹುಡುಕಿದೆ. ಹಳೇ ಕೃಷಿ ಪುಸ್ತಕದಲ್ಲಿ ಸಿಕ್ಕಿತು. ಇಂಡಾಫ್ ಹುಟ್ಟಿದ್ದು ನಮ್ಮ ಮಂಡ್ಯದ ವಿ.ಸಿ. ಫಾರಂನಲ್ಲಿ. ಸಿ.ಎಚ್. ಲಕ್ಷ್ಮಣಯ್ಯನವರು ನಮ್ಮ ರಾಗಿಗೆ ಆಫ್ರಿಕಾ ರಾಗಿ ಕೂಡಿಸಿ ಮಾಡಿದ ತಳಿ. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ರಾಗಿ ಹೂವು ಎಷ್ಟು ಸಣ್ಣದು ಅಂತ ನಿಮಗೇ ಗೊತ್ತು, ತನ್ನೊಳಗೆ ತಾನೇ ಕಾಳು ಕಟ್ಟಿಬಿಡುತ್ತೆ. ಅದಕ್ಕೆ ಬೇರೆ ಗಿಡದ ಪರಾಗ ಮುಟ್ಟಿಸೋಕೆ ಎಂಥಾ ತಾಳ್ಮೆ ಬೇಕು! ಅಂಥವರ ಕೆಲಸವನ್ನ ನಾನು ಒಂದೇ ಸಾಲಲ್ಲಿ ವಿದೇಶಕ್ಕೆ ಕಳಿಸಿಬಿಟ್ಟಿದ್ದೆ.

ತಿದ್ದಿದೆ. ಆದರೆ 'ಇತಿಹಾಸ' ಅನ್ನೋ ಕಡೆ ಒತ್ತಿದರೆ ನನ್ನ ತಪ್ಪು ತಾರೀಖು ಸಮೇತ ಈಗಲೂ ಕಾಣುತ್ತೆ. ಮ್ಯುಟೇಷನ್ ರಿಜಿಸ್ಟರ್ ಇದ್ದಂಗೆ, ಯಾರು ಯಾವಾಗ ಏನು ಬದಲಾಯಿಸಿದರು ಎಲ್ಲಾ ಉಳಿಯುತ್ತೆ.

ಒಂದು ಮಾತ್ರ ಇನ್ನೂ ಚುಚ್ಚುತ್ತೆ. ನಮ್ಮ ದೊಡ್ಡಮ್ಮ ಮದುವೆಯಾಗಿ ಬಂದಾಗಿಂದ ಒಂದು ಗಿಡ್ಡ ರಾಗಿಯ ಬೀಜ ಕಾಪಾಡಿಕೊಂಡು ಬಂದಿದ್ದಾರೆ. ಮಳೆ ಕೈಕೊಟ್ಟರೂ ಅದು ಒಂದಿಷ್ಟು ಕೊಡುತ್ತೆ. ಯಾವ ಪುಸ್ತಕದಲ್ಲೂ ನನಗೆ ಅದು ಸಿಕ್ಕಿಲ್ಲ. ಅಚ್ಚಾಗದ್ದನ್ನ, ನಾವೇ ಕಂಡುಕೊಂಡದ್ದನ್ನ ಅಲ್ಲಿ ಬರೆಯುವಂಗಿಲ್ಲ. ಓದು ಬಾರದ ದೊಡ್ಡಮ್ಮನಿಗೆ ಆಧಾರ ಎಲ್ಲಿಂದ ತರಲಿ? ನಿಯಮ ಸಡಿಲ ಮಾಡಿ ಅನ್ನೋಣ ಅಂದರೆ, ಆಗ ನನ್ನ ಫಾರಿನ್ ರಾಗಿಯೂ ಅಲ್ಲೇ ಉಳಿದಿರುತ್ತಿತ್ತು.

ಆದರೆ ನಾವೇ ತೆಗೆದ ಫೋಟೋ ಹಾಕಬಹುದು. ಹೋದ ವಾರ ದೊಡ್ಡಮ್ಮನ ಕೈಗೆ ತೆನೆ ಕೊಟ್ಟು ಫೋಟೋ ತೆಗೆದೆ. "ನನ್ ಮುಖಾನೂ ಬರ್ತದೇನ್ಲಾ?" ಅಂದರು.

"ಇಲ್ಲ ದೊಡ್ಡಮ್ಮ, ಕೈ ಅಷ್ಟೇ" ಅಂದೆ. ಸೆರಗಿಗೆ ಕೈ ಒರೆಸಿಕೊಂಡು ಮತ್ತೆ ತೆನೆ ಹಿಡಿದರು.